ಸೊಪ್ಪು ಬಿಡಿಸುವ ಹೊತ್ತು

ನಮ್ಮ ಮನೆಯ ಫ್ರಿಜ್ಜಿನ ತಳದಲ್ಲಿ ತರಕಾರಿಗೆ ಅಂತ ಒಂದು ಡ್ರಾಯರ್ ಇದೆ. ಎಲ್ಲರ ಮನೆಯಲ್ಲೂ ಇರುತ್ತದೆ. ಭಾನುವಾರ ಅದನ್ನು ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಒತ್ತಬೇಕು. ಗುರುವಾರ ತೆರೆಯಬೇಕಾದರೆ ಧೈರ್ಯ ಬೇಕು.

ಒಂದು ಗುರುವಾರ ಅತ್ತೆ ತೆರೆದರು. ಮದ್ದೂರಿನ ಹತ್ತಿರದ ಹಳ್ಳಿಯಿಂದ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದ್ದರು. ಒಗ್ಗರಣೆಗೆ ಇಟ್ಟು ಕೊತ್ತಂಬರಿ ಹುಡುಕುತ್ತಾ ಡ್ರಾಯರ್ ಎಳೆದವರು ಪ್ಲಾಸ್ಟಿಕ್ ಕವರೊಂದನ್ನು ಎರಡೇ ಬೆರಳಲ್ಲಿ ಹಿಡಿದು ಮೇಲೆತ್ತಿದರು. ಒಳಗೆ ಕಪ್ಪು ಹಸಿರು ನೀರು, ಅದರಲ್ಲಿ ಒಂದಿಷ್ಟು ನಾರು. ನಾಲ್ಕು ದಿನದ ಹಿಂದೆ ಅದು ಮೆಂತ್ಯ ಸೊಪ್ಪಾಗಿತ್ತು.

"ಏನವ್ವ ಇದು, ಫ್ರಿಜ್ಜೊಳಗೇ ಗೊಬ್ಬರ ಮಾಡ್ತಿದ್ದೀಯಾ?"

ಬೈದಿದ್ದಲ್ಲ, ನಿಜವಾಗಲೂ ಕೇಳಿದ್ದು. ಬೆಂಗಳೂರಿನವರು ಬಾಲ್ಕನಿಯಲ್ಲಿ, ಬಕೆಟ್ಟಿನಲ್ಲಿ, ಎಲ್ಲೆಲ್ಲೋ ಗೊಬ್ಬರ ಮಾಡುತ್ತಾರೆ ಅಂತ ಅವರು ಯಾರದೋ ಬಾಯಲ್ಲಿ ಕೇಳಿದ್ದರು.

ತಾಜಾ ತಿನ್ನಬೇಕು ಅನ್ನುವ ಆಸೆ ನನಗೆ ಕಮ್ಮಿ ಇಲ್ಲ. ಭಾನುವಾರ ಬೆಳಿಗ್ಗೆ ಎರಡು ಬಟ್ಟೆ ಚೀಲ ಹಿಡಿದು ಹೊರಟರೆ ಹಸಿರಾಗಿ ಕಂಡದ್ದೆಲ್ಲ ಚೀಲಕ್ಕೆ. ಪಾಲಕ್ ಚೆನ್ನಾಗಿದೆ, ಎರಡು ಕಟ್ಟು. ಸಬ್ಬಸಿಗೆ ಘಮ್ಮೆನ್ನುತ್ತಿದೆ, ಅದೂ ಇರಲಿ. ಚಕ್ಕೋತ ಸೊಪ್ಪು ಅಪರೂಪಕ್ಕೆ ಸಿಕ್ಕಿದೆ, ಬಿಡೋದುಂಟಾ? ಮನೆ ಸೇರುವಾಗ ಭುಜ ನೋಯುತ್ತಿರುತ್ತದೆ, ಆದರೆ ಮನಸ್ಸಿಗೆ ಆಗಲೇ ಆರೋಗ್ಯ ಬಂದಿರುತ್ತದೆ. ಎಡವಟ್ಟಾಗುವುದೇ ಅಲ್ಲಿ. ಸೊಪ್ಪು ಕೊಂಡ ಕೂಡಲೇ ಸೊಪ್ಪು ತಿಂದಷ್ಟು ಸಮಾಧಾನ ಆಗಿಬಿಡುತ್ತದೆ. ಸೋಮವಾರ ರಾತ್ರಿ ಎಂಟೂವರೆಗೆ ಮನೆಗೆ ಬಂದವಳು, ಮೂರು ಕಟ್ಟು ಬಿಡಿಸಬೇಕಲ್ಲಾ ಅನ್ನುವ ಯೋಚನೆಗೇ ಸುಸ್ತಾಗಿ, ಉಪ್ಪಿಟ್ಟು ಕೆದಕುತ್ತೇನೆ.

ನಾನೊಬ್ಬಳೇ ಹೀಗಲ್ಲ ಅನ್ನುವುದಷ್ಟೇ ಸಮಾಧಾನ. ಆಫೀಸಿನ ಗೆಳತಿಯೊಬ್ಬಳು ನುಗ್ಗೆ ಸೊಪ್ಪಿನ ಪುಡಿಯ ಡಬ್ಬಿಗೆ 400 ರೂಪಾಯಿ ಕೊಟ್ಟಳು. ಅವಳ ಮನೆ ಗೇಟಿನ ಪಕ್ಕದಲ್ಲೇ ನುಗ್ಗೆ ಮರ ಇದೆ. ಕಾರಿನ ಮೇಲೆ ಎಲೆ ಉದುರುತ್ತದೆ ಅಂತ ಅದರ ಕೊಂಬೆ ಕಡಿಸುವ ಯೋಚನೆಯಲ್ಲಿದ್ದಾಳೆ.

ಅತ್ತೆ ನಾಲ್ಕು ದಿನಕ್ಕೆ ಅಂತ ಬಂದವರು ಮೂರು ವಾರ ಉಳಿದರು. ಅಷ್ಟರಲ್ಲಿ ನನಗೆ ಸಿಕ್ಕ ಉಪದೇಶ ಒಂದೇ ಒಂದು. "ಇವತ್ತೇ ಬಿಡ್ಸಕ್ಕಾದ್ರೆ ಸೊಪ್ಪು ತಗೋ. ಇಲ್ದಿದ್ರೆ ಕುಂಬ್ಳಕಾಯಿ ತಗೊಂಬಾ."

ಕೇಳಲು ತಮಾಷೆ. ಯೋಚಿಸಿದರೆ ಇಡೀ ವಾರದ ಲೆಕ್ಕ ಅದರಲ್ಲಿದೆ. ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ, ಒಳಗಿನ ನೀರು ಆರುತ್ತಲೇ ಇರುತ್ತದೆ. ತೆಳು ಎಲೆಗೆ ಕಾಯುವ ಶಕ್ತಿ ಇಲ್ಲ. ಕುಂಬಳಕಾಯಿಗೆ ದಪ್ಪ ಸಿಪ್ಪೆ ಇದೆ, ಇಡಿಯಾಗಿದ್ದರೆ ಮೂಲೆಯಲ್ಲಿ ಒಂದೆರಡು ತಿಂಗಳು ಸುಮ್ನೆ ಕೂತಿರುತ್ತದೆ. ಹಾಗಾಗಿ ಈಗ ನಮ್ಮ ಮನೆಯಲ್ಲಿ ಭಾನುವಾರ, ಸೋಮವಾರ ಸೊಪ್ಪು. ನಡುವೆ ಬೆಂಡೆ, ಬೀನ್ಸ್, ಬದನೆ. ಶುಕ್ರವಾರದ ಹೊತ್ತಿಗೆ ಕ್ಯಾರೆಟ್ಟು, ಸುವರ್ಣಗೆಡ್ಡೆ, ಕುಂಬಳ. ಬುಧವಾರ ಸೊಪ್ಪು ತಿನ್ನಬೇಕು ಅನಿಸಿದರೆ ಬುಧವಾರವೇ ಒಂದು ಕಟ್ಟು ತರುವುದು. ಒಂದೇ.

ನಮ್ಮ ರಸ್ತೆಯ ತಿರುವಿನಲ್ಲಿ ಬೆಳಿಗ್ಗೆ ಏಳಕ್ಕೆ ಸೊಪ್ಪಿನ ಗಾಡಿ ನಿಲ್ಲುತ್ತದೆ. ಗಾಡಿಯ ಯಜಮಾನಿಯನ್ನು ಎಲ್ಲರೂ ಸೊಪ್ಪಿನಮ್ಮ ಅನ್ನುತ್ತೇವೆ. ಹೊಸಕೋಟೆ, ಮಾಲೂರು, ಆನೇಕಲ್ ಕಡೆಯ ಸೊಪ್ಪು ಕೆ.ಆರ್. ಮಾರ್ಕೆಟ್ಟಿಗೆ ಬೆಳಕು ಹರಿಯುವ ಮೊದಲೇ ಬಂದು ಬಿದ್ದಿರುತ್ತದೆ. ಇವರು ಮೂರೂವರೆಗೇ ಅಲ್ಲಿಗೆ ಹೋಗಿ ಆರಿಸಿ ತರುತ್ತಾರೆ. ಗಾಡಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಅದರ ಮುಚ್ಚಳಕ್ಕೆ ಮೊಳೆಯಿಂದ ಚುಚ್ಚಿದ ತೂತುಗಳು. ಐದು ನಿಮಿಷಕ್ಕೊಮ್ಮೆ ಸೊಪ್ಪಿನ ಮೇಲೆ ಮಳೆ. ಆ ಹೊಳೆಯುವ ಹನಿಗಳನ್ನು ನೋಡಿಯೇ ನಾವು ಮರುಳಾಗುವುದು. ನೀರು ಚಿಮುಕಿಸಿದರೆ ನಿನ್ನೆಯ ಪಾಲಕ್ಕೂ ಇವತ್ತಿನ ಮುಖ ಹೊತ್ತು ಕೂರುತ್ತದೆ. ಅದಕ್ಕೆ ನಾನೀಗ ಎಲೆ ನೋಡುವ ಮೊದಲು ಕಟ್ಟನ್ನು ತಿರುಗಿಸಿ ಕಾಂಡ ಕೊಯ್ದ ಜಾಗ ನೋಡುತ್ತೇನೆ. ಅಲ್ಲಿ ತೇವವಿದ್ದು ತಿಳಿ ಹಸಿರಿದ್ದರೆ ಸರಿ. ಕಂದಾಗಿ ಒಣಗಿದ್ದರೆ ಆ ಹನಿಗಳನ್ನು ನಂಬಬಾರದು. ಆಮೇಲೆ ಕಟ್ಟಿನ ಹೊಟ್ಟೆಗೆ ಬೆರಳು ತೂರಿಸಿ ನೋಡುವುದು. ಹಳದಿ ಎಲೆ ಅಡಗಿ ಕೂರುವುದೇ ಅಲ್ಲಿ. ದಂಟಿಗೆ ಉಗುರು ಸಲೀಸಾಗಿ ಇಳಿದರೆ ಎಳೆಯದು, ಇಳಿಯದಿದ್ದರೆ ಅಗಿದು ಅಗಿದು ದವಡೆ ನೋಯಬೇಕಷ್ಟೆ.

"ತೂತಿದೆ ಅಂತ ಬಿಡ್ಬೇಡಿ ಅಕ್ಕ, ಹುಳ ತಿಂದಿದೆ ಅಂದ್ರೆ ಔಷಧಿ ಹೊಡ್ದಿಲ್ಲ ಅಂತ" ಎನ್ನುತ್ತಾರೆ ಸೊಪ್ಪಿನಮ್ಮ. ಚೆಂದದ ಮಾತು, ಪೂರ್ತಿ ನಂಬುವ ಹಾಗಿಲ್ಲ. ಹುಳ ತಿಂದ ಮೇಲೇ ತಾನೆ ಔಷಧಿ ಹೊಡೆಯುವುದು? ಆದರೂ ನಾಲ್ಕು ತೂತಿನ ಸೊಪ್ಪನ್ನು ನಾನು ಬಿಡುವುದಿಲ್ಲ. ತೊಳೆಯುವುದು ಹೇಗೂ ಇದ್ದೇ ಇದೆ.

ಈಗ ಬಿಡಿಸುವ ವಿಷಯ. ಅತ್ತೆಗೆ ಇದೊಂದು ಕೆಲಸವೇ ಅಲ್ಲ. ಸಂಜೆ ಟಿವಿ ಮುಂದೆ ಪೇಪರ್ ಹಾಸಿ, ಕಾಲು ಚಾಚಿ ಕೂರುತ್ತಾರೆ. ಎಡಗಡೆ ಕಟ್ಟು, ಬಲಗಡೆ ಮೊರ, ಕಣ್ಣು ಧಾರಾವಾಹಿಯ ಮೇಲೆ. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತವೆ. ದಂಟಿನ ಎಲೆ ಚಿವುಟಿ ಒಂದು ಕಡೆ. ಕಾಂಡ ಮುರಿದು, ಮುರಿಯುವಾಗಲೇ ಸರ್ರನೆ ನಾರು ಎಳೆದು, ಬೆರಳುದ್ದದ ತುಂಡು ಇನ್ನೊಂದು ಕಡೆ. ಅದು ನಾಳೆಯ ಹುಳಿಗೆ. ಮೆಂತ್ಯವಾದರೆ ಎಳೆ ಕಾಂಡ ಸಮೇತ, ಬಲಿತಿದ್ದರೆ ಎಲೆ ಮಾತ್ರ. ಕೊತ್ತಂಬರಿಯ ದಂಟು ಬಿಸಾಡಿದರೆ ಕೈ ಹಿಡಿದುಬಿಡುತ್ತಾರೆ. ಎಲೆಗಿಂತ ಘಮ ಜಾಸ್ತಿ ಇರುವುದು ಅದರಲ್ಲೇ, ರುಬ್ಬುವುದಕ್ಕೆ ಅದೇ ಬೇಕು. ಧಾರಾವಾಹಿಯಲ್ಲಿ ಸೊಸೆ ಅಳುವುದು ಮುಗಿಯುವಷ್ಟರಲ್ಲಿ ಎರಡು ಕಟ್ಟು ಮುಗಿದಿರುತ್ತದೆ.

ನಾನು ಕೂತರೆ ಫೋನು ಕರೆಯುತ್ತದೆ. ಮಗನನ್ನು ಕೂರಿಸಿದರೆ ಪ್ರತಿ ಎಲೆಯನ್ನೂ ಎತ್ತಿ ತೋರಿಸಿ "ಇದು ಕಸಾನಾ?" ಅಂತ ಕೇಳುತ್ತಾನೆ. ಇವರು ಉತ್ಸಾಹದಿಂದ ಬಂದು, ಒಳ್ಳೆಯ ಎಲೆಯನ್ನು ಕಸದ ರಾಶಿಗೂ ಕಸವನ್ನು ಮೊರಕ್ಕೂ ಹಾಕಿ, ಎರಡನ್ನೂ ಮತ್ತೆ ಆರಿಸುವ ಕೆಲಸ ಕೊಟ್ಟು ಹೋಗುತ್ತಾರೆ. ಆದರೂ ಹೇಳುತ್ತೇನೆ, ನಾಲ್ಕು ಜನ ಕೂತರೆ ಒಂದು ಕಟ್ಟಿಗೆ ಹತ್ತು ನಿಮಿಷ ಸಾಕು. ಒಬ್ಬಳೇ ಕೂತರೆ ಅದೇ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ, ಜೊತೆಗೆ ಒಂದಿಷ್ಟು ಸಿಟ್ಟೂ ಸೇರುತ್ತದೆ.

ಬಿಡಿಸಿದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಒಂದು ದಿನ ತೂಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದೊಡ್ಡವರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕು ಅನ್ನುತ್ತಾರೆ. ನನ್ನ 450 ಗ್ರಾಮಿನ ದಂಟಿನ ಕಟ್ಟು, ಮಣ್ಣು, ಬೇರು, ಹಳದಿ ಎಲೆ, ನಾರು ಎಲ್ಲ ಕಳೆದು 280ಕ್ಕೆ ನಿಂತಿತು. ಬಾಣಲೆಗೆ ಬಿದ್ದ ಮೇಲಂತೂ ನಾಲ್ಕು ಜನಕ್ಕೆ ಎರಡೆರಡು ಚಮಚ ಪಲ್ಯ. ಒಂದು ಮೊರದ ತುಂಬ ಇದ್ದದ್ದು ಎಲ್ಲಿ ಹೋಯಿತು ಅಂತ ಬಾಣಲೆಯೊಳಗೆ ಇಣುಕಿದವಳು ನಾನೊಬ್ಬಳೇ ಇರಲಿಕ್ಕಿಲ್ಲ.

ತೊಳೆಯುವುದರಲ್ಲೂ ನಾನು ವರ್ಷಗಟ್ಟಲೆ ತಪ್ಪು ಮಾಡುತ್ತಿದ್ದೆ. ಪಾತ್ರೆಯಲ್ಲಿ ನೆನೆಸಿ, ಆಮೇಲೆ ನೀರನ್ನೂ ಸೊಪ್ಪನ್ನೂ ಒಟ್ಟಿಗೆ ಜಾಲರಿಗೆ ಸುರಿಯುತ್ತಿದ್ದೆ. ತಳಕ್ಕೆ ಇಳಿದಿದ್ದ ಮಣ್ಣೆಲ್ಲ ಮತ್ತೆ ಸೊಪ್ಪಿನ ತಲೆಯ ಮೇಲೆ! ಊಟಕ್ಕೆ ಕೂತಾಗ ಹಲ್ಲಿಗೆ ಕರಕರ. ಅತ್ತೆ ನೀರು ಸುರಿಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಹಾಕಿ, ಸೊಪ್ಪನ್ನು ಮುಳುಗಿಸಿ ಆಡಿಸಿ, ಎರಡು ಕೈಯಲ್ಲಿ ಸೊಪ್ಪನ್ನು ಮಾತ್ರ ಎತ್ತಿ ತೆಗೆಯುತ್ತಾರೆ. ಮಣ್ಣು ತಳದಲ್ಲೇ ಉಳಿಯುತ್ತದೆ. ಹೀಗೆ ಮೂರು ಸಲ, ಮಳೆಗಾಲವಾದರೆ ನಾಲ್ಕು. ಹೆಚ್ಚುವುದು ಆಮೇಲೆ. ಹೆಚ್ಚಿ ತೊಳೆದರೆ ಕೊಯ್ದ ಬಾಯಿಯಿಂದ ಸತ್ವವೂ ನೀರಿನ ಜೊತೆ ಹೋಗುತ್ತದೆ.

ಸತ್ವ ಅಂದಾಗ ಬಸ್ಸಾರು ನೆನಪಾಗುತ್ತದೆ. ಮಂಡ್ಯದ ಮನೆಗೆ ಸೊಸೆಯಾಗಿ ಬರುವ ತನಕ ನನಗೆ ಬಸ್ಸಾರು ಗೊತ್ತಿರಲಿಲ್ಲ. ನಾನು ಧಾರವಾಡದ ಕಡೆಯವಳು. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಉಪ್ಪು ಹಾಕಿ, ಬೇಯಿಸಿ, ಬಸಿಯುತ್ತಾರೆ. ಬಸಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಜೀರಿಗೆ, ಕಾಯಿ, ಹುಣಸೆ, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು ಬೇಳೆ ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಪಕ್ಕದಲ್ಲಿ ಮುದ್ದೆ. ಸಿ ವಿಟಮಿನ್ನು, ಫೋಲೇಟು ನೀರಿಗೆ ಇಳಿದುಬಿಡುತ್ತವೆ ಅಂತ ನಾನು ಪುಸ್ತಕದಲ್ಲಿ ಓದಿದವಳು. ಕಾವಿಗೆ ಒಂದಿಷ್ಟು ಹಾಳಾದರೂ ನೀರಿಗೆ ಇಳಿದದ್ದು ಇಲ್ಲಿ ತಟ್ಟೆಗೇ ಬರುತ್ತದೆ. ಖುಷಿಯಾಗಿ ಅತ್ತೆಗೆ ಇದನ್ನೆಲ್ಲ ಹೇಳಿದೆ. "ಅದೆಲ್ಲ ಗೊತ್ತಿಲ್ಲ ಕಣವ್ವ. ಮನೇಲಿ ಹನ್ನೊಂದು ಜನ ಇದ್ರು. ಒಂದೇ ಸಲ ಬೇಯಿಸಿದ್ರೆ ಎರಡು ಅಡಿಗೆ ಆಗ್ತಿತ್ತು" ಅಂದರು.

ನಾನೂ ನನ್ನ ಊರಿನ ಮರ್ಯಾದೆ ಉಳಿಸಬೇಕಲ್ಲ. ಒಂದು ಮಧ್ಯಾಹ್ನ ಜೋಳದ ರೊಟ್ಟಿ ಮಾಡಿ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಶೇಂಗಾ ಚಟ್ನಿಪುಡಿಗೆ ಮೊಸರು ಇಟ್ಟೆ. ನಮ್ಮ ಕಡೆ ತಪ್ಪಲ ಪಲ್ಯವನ್ನು, ಅಂದರೆ ಸೊಪ್ಪನ್ನು, ಹೀಗೆ ಹಸಿಯಾಗಿ ಕಚ್ಚಿಕೊಂಡು ತಿನ್ನುವುದು ಮಾಮೂಲು, ಹಕ್ಕರಕಿ ಅನ್ನುವ ಸೊಪ್ಪು ಸಿಕ್ಕರಂತೂ ಹಬ್ಬ. ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಮೇಕೆ ಥರ ಹಂಗೇ ಮೇಯೋದಾ?" ಅಂದರು. ಆಮೇಲೆ ಎರಡನೇ ರೊಟ್ಟಿ ಕೇಳಿದರು. ಹಸಿ ತಿನ್ನುವ ದಿನ ಮಾತ್ರ ತೊಳೆಯುವುದು ಇನ್ನೊಂದು ಸಲ ಜಾಸ್ತಿ.

ಅಡುಗೆಯಲ್ಲಿ ನಾನು ಕಲಿತದ್ದು ಕಮ್ಮಿ. ಪಲ್ಯಕ್ಕೆ ಮೊದಲ ಎರಡು ಮೂರು ನಿಮಿಷ ಮುಚ್ಚಳ ಹಾಕುವುದಿಲ್ಲ, ಹಸಿರು ಉಳಿಯುತ್ತದೆ. ಹುಳಿ ಹಾಕುವುದು ಕೊನೆಗೆ, ಮೊದಲೇ ಹಾಕಿದರೆ ಬಣ್ಣ ಮಂಕಾಗುತ್ತದೆ. ಬಣ್ಣಕ್ಕೆ ಅಂತ ಚಿಟಿಕೆ ಸೋಡಾ ಹಾಕುವವರಿದ್ದಾರೆ, ಅದರಿಂದ ವಿಟಮಿನ್ನು ಹಾಳು. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಕುಡಿದರೆ ಅದಕ್ಕೇ ಅಡ್ಡಗಾಲು. ಒಂದು ಗಂಟೆ ಬಿಟ್ಟು ಕುಡಿಯಿರಿ ಅನ್ನುತ್ತಾರೆ. ಈ ಕೊನೆಯದನ್ನು ನಮ್ಮ ಮನೆಯಲ್ಲಿ ಜಾರಿಗೆ ತರಲು ಆಗಿಲ್ಲ. ಸೊಪ್ಪು ಬೇಕಾದರೆ ಬಿಡುತ್ತೇನೆ, ಕಾಫಿ ಬಿಡಲ್ಲ ಅಂದುಬಿಟ್ಟರು ಇವರು.

ಇಷ್ಟಾದರೂ ಕೆಲವು ದಿನ ಬಿಡಿಸಲು ಆಗುವುದೇ ಇಲ್ಲ. ಅಂಥ ದಿನಕ್ಕೆ ಹಳೇ ಪಂಚೆಯ ತುಂಡುಗಳಿವೆ. ಕಟ್ಟು ಬಿಚ್ಚಿ, ನೀರು ಕೊಡವಿ, ಕೊಳೆತ ಎಲೆ ಇದ್ದರೆ ತೆಗೆದು, ತೊಳೆಯದೆ, ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡುತ್ತೇನೆ. ಎರಡು ದಿನ ಚೆನ್ನಾಗಿರುತ್ತದೆ. ದಾರ ಬಿಚ್ಚದೆ, ಒದ್ದೆಯಾಗಿ, ಕವರಿನ ಬಾಯಿ ಗಂಟು ಹಾಕಿ ಇಟ್ಟರೆ ಏನಾಗುತ್ತದೆ ಅಂತ ಆಗಲೇ ಹೇಳಿದ್ದೇನೆ. ಕೊತ್ತಂಬರಿಗೆ ಬೇರಿದ್ದರೆ ಲೋಟದ ನೀರಿನಲ್ಲಿ ಹೂವಿನ ಹಾಗೆ ನಿಲ್ಲಿಸುವುದು. ಮೂಲಂಗಿ ತಂದರೆ ಸೊಪ್ಪು ಕತ್ತರಿಸಿ ಬೇರೆ ಇಡುವುದು, ಇಲ್ಲದಿದ್ದರೆ ಅದು ಗೆಡ್ಡೆಯ ನೀರು ಹೀರಿ ಗೆಡ್ಡೆಯನ್ನೂ ಬೆಂಡು ಮಾಡುತ್ತದೆ. ಬಾಳೆಹಣ್ಣಿನ ಪಕ್ಕ ಸೊಪ್ಪು ಇಡಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಅತ್ತೆ ಊರಿಗೆ ಹೋದ ಮೇಲೂ ಒಂದು ತೊಂದರೆ ಉಳಿದಿತ್ತು. ಅರ್ಧ ಹಿಡಿ ಪಾಲಕ್, ನಾಲ್ಕು ಎಳೆ ಸಬ್ಬಸಿಗೆ, ಒಂದಿಷ್ಟು ದಂಟು. ಬಿಸಾಡಲು ಮನಸ್ಸಿಲ್ಲ, ಯಾವುದಕ್ಕೂ ಸಾಲದು. ಒಂದು ಬೆಳಿಗ್ಗೆ ಸೊಪ್ಪಿನಮ್ಮನನ್ನು ಕೇಳಿದೆ, "ನೀವು ಮನೇಲಿ ಯಾವ ಸೊಪ್ಪು ಮಾಡ್ತೀರಮ್ಮ?"

"ಮಿಕ್ಕಿದ್ದು" ಅಂದರು.

ನನಗೆ ಸ್ವಲ್ಪ ಪೆಚ್ಚಾಯಿತು. ನಮಗೆ ತಾಜಾ ಕೊಟ್ಟು ಇವರು ಬಾಡಿದ್ದು ತಿನ್ನುತ್ತಾರಲ್ಲ ಅಂತ. ಮುಖ ನೋಡಿ ಗೊತ್ತಾಯಿತೇನೋ, ನಕ್ಕರು. "ಎಲ್ಲಾದ್ರಲ್ಲೂ ಒಂದೊಂದು ಹಿಡಿ ಮಿಕ್ತದಲ್ಲ ಅಕ್ಕ, ಬೆರಕೆ ಸೊಪ್ಪು ಆಗ್ತದೆ. ಬೇಳೆ, ಟಮೋಟ, ಹಸಿಮೆಣಸಿನ್ಕಾಯಿ ಹಾಕಿ ಬೇಯ್ಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ಮಸ್ಸೊಪ್ಪು. ಒಂದೇ ಸೊಪ್ಪಲ್ಲಿ ಆ ರುಚಿ ಬರಕಿಲ್ಲ."

ಅವತ್ತು ರಾತ್ರಿ ಡ್ರಾಯರಿನ ಮಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದೆ. ಅನ್ನ ಸಾಲದೆ ಎರಡನೇ ಸಲ ಇಡಬೇಕಾಯಿತು. ಆದರೆ ನಮ್ಮ ಮೂರು ಥರದ ಸೊಪ್ಪೆಲ್ಲಿ, ಅವರ ಹನ್ನೆರಡು ಥರದ್ದೆಲ್ಲಿ. ಮಾರನೇ ದಿನ ಗಾಡಿಯ ಹತ್ತಿರ ಹೋಗಿ, ಕಟ್ಟು ಬೇಡ, ಹತ್ತು ಗಂಟೆಗೆ ಮಿಕ್ಕಿದ್ದು ನನಗೇ ಕೊಡಿ, ದುಡ್ಡು ಅಷ್ಟೇ ಕೊಡ್ತೀನಿ ಅಂದೆ.

ಸೊಪ್ಪಿನಮ್ಮ ಬಾಟಲಿ ಎತ್ತಿ ಪಾಲಕ್ಕಿನ ಮೇಲೆ ಒಂದು ಮಳೆ ಸುರಿಸಿದರು.

"ಅದು ಮಾರೋದಲ್ಲಕ್ಕ" ಅಂದರು.