ಟೇಪು ಸಿಕ್ಕಿತು, ಹಾಡು ಸಿಗಬೇಕಲ್ಲ

ಹಳೆಯ ಗಾಯಕರ ಧ್ವನಿಮುದ್ರಣ ‘ಪತ್ತೆಯಾಯಿತು’ ಅಂದರೆ ಯಾರೋ ನೆಲ ಅಗೆದು ನಿಧಿ ತೆಗೆದರೇನೋ ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ಕಪಾಟಿನಲ್ಲೇ, ಹೆಸರು ಬರೆದ ಡಬ್ಬಿಯಲ್ಲೇ ಇರುತ್ತದೆ. ಯಾರೂ ಓದಿರುವುದಿಲ್ಲ, ಅಷ್ಟೆ. ಉದಾಹರಣೆಗೆ, 1961ರಲ್ಲಿ ನ್ಯೂಯಾರ್ಕಿನಲ್ಲಿ ಒಂದಾದ ಜಾನಪದ ತಂಡ ಪೀಟರ್, ಪಾಲ್ ಅಂಡ್ ಮೇರಿ. ಮೇರಿ ಟ್ರಾವರ್ಸ್ 2009ರಲ್ಲಿ ತೀರಿಕೊಂಡರು. 2012ರಲ್ಲಿ ಹಳೆಯ ಕಛೇರಿಗಳ ಮುದ್ರಣಗಳಿಂದಲೇ ತಂಡದ ‘ಡಿಸ್ಕವರ್ಡ್’ (ಪತ್ತೆಯಾದದ್ದು) ಆಲ್ಬಮ್ ಬಂತು.

ಇಂಥ ಡಬ್ಬಿ ತೆರೆದಾಗ ಮೊದಲು ಕೆಲಸ ಮಾಡಬೇಕಾದ್ದು ಕಿವಿಯಲ್ಲ, ಮೂಗು. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪು, ಕೊಳೆಯತೊಡಗಿದೆ. ವಾಸನೆ ಇಲ್ಲವೇ? ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಅಸಿಟೇಟ್ ಆದರೆ ಬೆಳಕು ಹಾಯುತ್ತದೆ, ಪಾಲಿಯೆಸ್ಟರ್ ಆದರೆ ಇಲ್ಲ. ಈ ಪರೀಕ್ಷೆ ತಪ್ಪಿಸುವಂತಿಲ್ಲ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಪಾಲಿಯೆಸ್ಟರ್ ಟೇಪುಗಳಲ್ಲಿ ಅಂಟುಪದರ ತೇವ ಹೀರಿಕೊಂಡಿರುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಟ್ಟಿ, ದನಿ ಹೊತ್ತ ಕಂದು ಪದರ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಆ ಕಂದಿನಲ್ಲೇ ಹಾಡೂ ಹೋಯಿತು. ಅದಕ್ಕೇ 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 8 ಗಂಟೆ ಇಟ್ಟು, ಮಳೆಗಾಲದ ಹಪ್ಪಳದಂತೆ ತೇವ ಆರಿಸಬೇಕು. ಈ ಗುಣ ಕೆಲವು ವಾರವಷ್ಟೇ ಉಳಿಯುತ್ತದೆ. ಅಷ್ಟರಲ್ಲಿ ಪ್ರತಿ ತೆಗೆದುಕೊಳ್ಳಬೇಕು. ಅಸಿಟೇಟನ್ನು ಮಾತ್ರ ಕಾಯಿಸಲೇಬಾರದು, ಸೊಟ್ಟಗಾಗಿ ಪುಡಿಯಾಗುತ್ತದೆ. ಆದರೆ ಅದರದ್ದೂ ಒಂದು ಒಳ್ಳೆಯ ಗುಣವಿದೆ: ತುಂಡಾದರೆ ನೇರವಾಗಿ ತುಂಡಾಗುತ್ತದೆ, ಸರಿಯಾಗಿ ಅಂಟಿಸಬಹುದು. ಪಾಲಿಯೆಸ್ಟರ್ ಎಳೆದುಕೊಂಡು ಕೊನೆಗೆ ಸ್ವರವನ್ನೇ ಜೋಲಿಸಿಬಿಡುತ್ತದೆ.

ಇನ್ನು ವೇಗ. ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರಿ ಮೇರಿಯ ಮಂದ್ರದ ಗಾಂಭೀರ್ಯ ಹೊರಟುಹೋಗುತ್ತದೆ. ಇಲ್ಲಿ ನೆರವಿಗೆ ಬರುವುದು, ಮುದ್ರಣದಲ್ಲಿ ಸೇರಿಕೊಂಡಿರುವ, ಎಲ್ಲರೂ ಬೈಯುವ ವಿದ್ಯುತ್ತಿನ ಗುಂಯ್‌ಗುಡುವಿಕೆ. ಅಮೆರಿಕದಲ್ಲಿ ಅದು 60 ಹರ್ಟ್ಸ್. ಟೇಪಿನಲ್ಲಿ 62 ಕಂಡರೆ ಎಷ್ಟು ನಿಧಾನಿಸಬೇಕೆಂಬ ಲೆಕ್ಕ ಸಿಕ್ಕಿತು. ಶುಚಿಮಾಡುವ ಉತ್ಸಾಹದಲ್ಲಿ ಗುಂಯ್‌ಗುಡುವಿಕೆಯನ್ನು ಮೊದಲೇ ಅಳಿಸಿದವರಿಗೆ ಈ ಭಾಗ್ಯವಿಲ್ಲ.

ಎರಡೂವರೆ ಸಾವಿರ ಅಡಿಯ ಸುರುಳಿ ಸೆಕೆಂಡಿಗೆ 15 ಇಂಚಿನ ವೇಗದಲ್ಲಿ 33 ನಿಮಿಷಕ್ಕೆ ಮುಗಿಯುತ್ತದೆ. ಹಾಡುವವರಿಗೆ ಆ ಹಂಗಿಲ್ಲ, ಪಲ್ಲವಿಯ ನಡುವೆಯೇ ಟೇಪು ಕೈಕೊಡುತ್ತದೆ. ಬೇರೆ ಊರಿನ ಕಛೇರಿಯಿಂದ ಉಳಿದರ್ಧ ತಂದು ಸೇರಿಸಬಹುದು. ಸಭಾಂಗಣದ ಮಾರ್ದನಿ ಬೇರೆ, ಗಿಟಾರಿನ ನಡೆ ಬೇರೆ, ಬೆಸುಗೆ ಕಿವಿಗೆ ಚುಚ್ಚುತ್ತದೆ. ಅದಕ್ಕಿಂತ ಅರ್ಧ ಹಾಡನ್ನು ಅರ್ಧವಾಗಿಯೇ ಕೇಳಿಸುವುದು ಮೇಲು.