ಗಾಯದ ವರದಿಯಲ್ಲಿ ಪ್ರಾಣಿಯ ಹೆಸರೂ ಇರಲಿ

ಅಮೆರಿಕದ ಒರ್ಲಾಂಡೊ ನಗರದ ಸೀವರ್ಲ್ಡ್ ಎಂಬ ಕಡಲಪ್ರಾಣಿಗಳ ಪ್ರದರ್ಶನ ಉದ್ಯಾನದಲ್ಲಿ 2010ರ ಫೆಬ್ರವರಿ 24ರಂದು ಟಿಲಿಕಮ್ ಎಂಬ ಓರ್ಕಾ ತಿಮಿಂಗಿಲ ತನ್ನ ತರಬೇತುಗಾರ್ತಿಯನ್ನು ನೀರಿಗೆಳೆದು ಕೊಂದ ಸುದ್ದಿ ಹಲವರಿಗೆ ನೆನಪಿರಬಹುದು. ಆ ಸಾವಿನ ಬಗ್ಗೆ ಆದಷ್ಟು ಚರ್ಚೆ, ಅದಕ್ಕೂ ಹಿಂದಿನ ಗಾಯಗಳನ್ನು ಯಾರು ಯಾರಿಗೆ ತಿಳಿಸಬೇಕಿತ್ತು ಎಂಬುದರ ಬಗ್ಗೆ ಆಗಲಿಲ್ಲ.

ಕೆಲಸದ ಸ್ಥಳದಲ್ಲಿ ಯಾರಾದರೂ ಸತ್ತರೆ, ಇಲ್ಲವೇ ಒಂದೇ ಅವಘಡದಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಗೆ ದಾಖಲಾದರೆ ಎಂಟು ಗಂಟೆಯೊಳಗೆ ಓಶಾ ಎಂಬ ಕಾರ್ಮಿಕ ಸುರಕ್ಷತಾ ಸಂಸ್ಥೆಗೆ ತಿಳಿಸಬೇಕು ಎಂಬುದು ಆಗಿನ ಫೆಡರಲ್ ನಿಯಮ. ಬಾಯ್ಲರ್ ಸಿಡಿಯುವ ಕಾರ್ಖಾನೆಗೆ ಈ ಲೆಕ್ಕ ಹೊಂದೀತು. ಪ್ರಾಣಿ ಸಾಮಾನ್ಯವಾಗಿ ಹಿಡಿಯುವುದು ಒಬ್ಬರನ್ನೇ. 2015ರ ಜನವರಿ 1ರಿಂದ, ಒಬ್ಬರೇ ಒಳರೋಗಿಯಾಗಿ ದಾಖಲಾದರೂ, ಅಂಗ ತುಂಡಾದರೂ, ಕಣ್ಣು ಹೋದರೂ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯವಾಯಿತು. ಒಳ್ಳೆಯ ಬದಲಾವಣೆಯೇ, ಆದರೆ ನನ್ನ ದೃಷ್ಟಿಯಲ್ಲಿ ಇಷ್ಟು ಸಾಲದು.

ಏಕೆಂದರೆ ಕೆಟ್ಟ ಯಂತ್ರವನ್ನು ಗುಜರಿಗೆ ಹಾಕಬಹುದು, ಪ್ರಾಣಿಯನ್ನು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾರಲಾಗುತ್ತದೆ. 1991ರಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಟಿಲಿಕಮ್ ಸೇರಿ ಮೂರು ಓರ್ಕಾಗಳು ಯುವ ತರಬೇತುಗಾರ್ತಿಯೊಬ್ಬಳನ್ನು ಮುಳುಗಿಸಿ ಕೊಂದಿದ್ದವು. ಮರುವರ್ಷ ಟಿಲಿಕಮ್ ಒರ್ಲಾಂಡೊಗೆ ಬಂತು. 1999ರಲ್ಲಿ ರಾತ್ರಿ ಅದರ ಕೊಳಕ್ಕಿಳಿದಿದ್ದ ವ್ಯಕ್ತಿಯೊಬ್ಬ ಬೆಳಿಗ್ಗೆ ಹೆಣವಾಗಿ ಸಿಕ್ಕಿದ. ಇನ್ನು 2006ರಲ್ಲಿ ಅದೇ ಕಂಪನಿಯ ಸ್ಯಾನ್ ಡಿಯಾಗೊ ಉದ್ಯಾನದಲ್ಲಿ ಮತ್ತೊಂದು ಓರ್ಕಾ ತರಬೇತುಗಾರನೊಬ್ಬನನ್ನು ಪದೇ ಪದೇ ನೀರಿನಡಿಗೆ ಎಳೆದೊಯ್ದು ಪಾದದ ಮೂಳೆ ಮುರಿದಾಗ, ಮುಂದೊಂದು ದಿನ ಜೀವಹಾನಿ ಖಚಿತವೆಂದು ಕ್ಯಾಲಿಫೋರ್ನಿಯಾದ ಸುರಕ್ಷತಾ ಇಲಾಖೆ ವರದಿ ಬರೆಯಿತು. ಕಂಪನಿ ಆಕ್ಷೇಪಿಸಿದ ಮೇಲೆ ಇಲಾಖೆ ಆ ವರದಿಯನ್ನೇ ಹಿಂಪಡೆಯಿತು.

ಸೀವರ್ಲ್ಡ್ ತನ್ನೊಳಗೆ ಇಂಥ ಘಟನೆಗಳ ವರದಿಗಳನ್ನು ಬರೆದಿಡುತ್ತಿತ್ತು ಎಂಬುದೇ ಇಲ್ಲಿ ವಿಚಿತ್ರ. 2010ರ ಸಾವಿನ ಬಳಿಕ ಓಶಾ ಪ್ರಕರಣ ಹೂಡಿದಾಗ, ಅಪಾಯ ಕಂಪನಿಗೆ ಗೊತ್ತಿತ್ತು ಎನ್ನುವುದಕ್ಕೆ ಆ ಕಡತಗಳೇ ಸಾಕ್ಷಿಯಾದವು. ಒಟ್ಟು 75,000 ಡಾಲರ್ ದಂಡ ಕೊನೆಗೆ 12,000ಕ್ಕೆ ಇಳಿಯಿತು (ಅಂಥ ಕಂಪನಿಗೆ ಅದೊಂದು ದಂಡವೇ?). 2014ರಲ್ಲಿ ಮೇಲ್ಮನವಿ ನ್ಯಾಯಾಲಯ 2–1ರಿಂದ ಓಶಾ ಪರ ತೀರ್ಪಿತ್ತಿತು. ಭಿನ್ನಮತ ಬರೆದವರು ಈಗ ಸುಪ್ರೀಂ ಕೋರ್ಟಿನಲ್ಲಿರುವ ಬ್ರೆಟ್ ಕ್ಯಾವನಾ. ಅವರು ಫುಟ್‌ಬಾಲ್, ಕಾರ್ ರೇಸ್‌ಗಳ ಅಪಾಯವನ್ನು ಹೋಲಿಕೆಗೆ ತಂದರು. ಈ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಆಟಗಾರನಿಗೆ ಬಿದ್ದ ಪೆಟ್ಟನ್ನು ಇಡೀ ಕ್ರೀಡಾಂಗಣ ನೋಡುತ್ತದೆ, ಹಿಂಭಾಗದ ಕೊಳದಲ್ಲಿ ಕಚ್ಚಿಸಿಕೊಂಡವರ ಸಂಗತಿ ಮೇಲ್ವಿಚಾರಕರ ಕೊಠಡಿ ದಾಟುವುದೇ ಕಷ್ಟ.

ಆದ್ದರಿಂದ ಬಂಧನದಲ್ಲಿರುವ ಕಾಡುಪ್ರಾಣಿಯಿಂದಾದ ಗಾಯದ ವರದಿ ಆ ಪ್ರಾಣಿಯ ಗುರುತಿನೊಂದಿಗೆ ದಾಖಲಾಗಿ, ಅದು ಹೋದಲ್ಲೆಲ್ಲ ಜೊತೆಗೇ ಹೋಗಬೇಕು. ಗಾಯವಾಗದೆ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳೂ ಅದರಲ್ಲಿರಬೇಕು. ವರದಿ ಮಾಡಿದರೆ ಪ್ರಾಣಿಯನ್ನು ಕೊಂದುಬಿಡುತ್ತಾರೆ, ಕೆಲಸ ಹೋಗುತ್ತದೆ ಎಂದು ಪ್ರಾಣಿಪಾಲಕರು ಹೆದರುವುದು ಸಹಜ. ಹಾಗಾಗಿ ತಿಳಿಸಿದ್ದಕ್ಕೆ ಶಿಕ್ಷೆಯಿಲ್ಲ, ಮುಚ್ಚಿಟ್ಟರೆ ಮಾತ್ರ ಎಂಬುದು ನಿಯಮದಲ್ಲೇ ಸ್ಪಷ್ಟವಾಗಿರಬೇಕು. ಕಾಗದದ ಕೆಲಸ ಹೆಚ್ಚಾಗುತ್ತದೆ ಎಂಬ ತಕರಾರಿಗೆ ಸೀವರ್ಲ್ಡ್‌ನ ಕಡತಗಳೇ ಉತ್ತರ: ಬರೆಯುವ ಕೆಲಸ ಅಲ್ಲಿ ಆಗಲೇ ನಡೆದಿತ್ತು, ಒಂದು ಪ್ರತಿ ಹೊರಗಿನ ಇಲಾಖೆಗೆ ಹೋಗುತ್ತಿರಲಿಲ್ಲ, ಅಷ್ಟೇ.