ಇದಕ್ಕೆ ಕೀಲಿ ಕೊಡೋದು ಎಲ್ಲಿ ಅಂತ ಕೇಳಿದವನಿಗೆ

ಇವತ್ತು ಬೆಳಿಗ್ಗೆ ಅಮೆರಿಕದ ಸಿನ್ಸಿನಾಟಿ ಹತ್ತಿರ ಹಳೇ ಕಾರುಗಳ ಮೇಳಕ್ಕೆ ಹೋಗಿದ್ದೆ. ಜೊತೆಗೆ ನಮ್ಮ ಕನ್ನಡ ಗುಂಪಿನ ಇಬ್ಬರು. ಹಡಗಿನಂಥ ಕ್ಯಾಡಿಲಾಕ್‌ಗಳ ಸಾಲಿನ ಕೊನೆಗೆ ಒಂದು ಪುಟಾಣಿ ಹಳದಿ ಕಾರು, ಕ್ರಾಸ್ಲಿ ಹಾಟ್ ಶಾಟ್, ನಿಂತಿತ್ತು. 1949ರದ್ದು. ಬಾಗಿಲೇ ಇಲ್ಲ, ಕಾಲೆತ್ತಿ ಒಳಗಿಡಬೇಕು. ನನಗೆ ಎದೆ ಝಲ್ಲಂತು. ನಮ್ಮವನೊಬ್ಬ ಸುತ್ತ ಪ್ರದಕ್ಷಿಣೆ ಹಾಕಿ, "ಮಗಾ, ಇದಕ್ಕೆ ಕೀಲಿ ಕೊಡೋದು ಎಲ್ಲಿ?" ಅಂದ. ಇನ್ನೊಬ್ಬ ಹೊಟ್ಟೆ ಹಿಡ್ಕೊಂಡು ನಕ್ಕ. ಕನ್ನಡದಲ್ಲಿ ಅಂದಿದ್ದು ಪುಣ್ಯ. ಗಾಡಿಯ ಯಜಮಾನರು, ಒಬ್ಬ ಅಜ್ಜ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ನನ್ನ ಪುಟಾಣಿ ಕಾರುಗಳ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ನಾನು ಐದಡಿ ಎರಡಿಂಚು ಅನ್ನೋದೂ ಗೊತ್ತು. ಅದಕ್ಕೇ ಉರಿ ಅಂತೀರಾ? ಇರಬಹುದು. ಆದರೆ ಈ ಕಾರು ಮಾಡಿಸಿದ ಪೊವೆಲ್ ಕ್ರಾಸ್ಲಿ ಆರಡಿ ನಾಲ್ಕಿಂಚಿನ ಆಳು ಸ್ವಾಮಿ! ಇದೇ ಸಿನ್ಸಿನಾಟಿಯವರು. ಕಡಿಮೆ ಬೆಲೆಗೆ ರೇಡಿಯೊ ಮಾರಿ ದುಡ್ಡು ಮಾಡಿದವರು. 1939ರಲ್ಲಿ 325 ಡಾಲರಿಗೆ ಕಾರು ತಂದು, ರೇಡಿಯೊ, ಫ್ರಿಜ್ ಮಾರೋ ಅಂಗಡಿಗಳಲ್ಲೇ ಅದನ್ನೂ ಮಾರಾಟಕ್ಕಿಟ್ಟರು. ಆಗಲೂ ಜನ ನಕ್ಕಿರಬೇಕು. ನಗೋದಕ್ಕೇನು, ದುಡ್ಡು ಕೊಡಬೇಕಾ?

ಅಜ್ಜ ಮೇಜಿನ ಮೇಲೆ ಈ ಕಾರಿಗಿಂತ ಹಳೇ ಕ್ರಾಸ್ಲಿ ಎಂಜಿನ್ನಿನ ಬ್ಲಾಕ್, ಅಂದರೆ ಸಿಲಿಂಡರುಗಳಿರೋ ಒಡಲು, ಒಂದನ್ನು ಇಟ್ಟಿದ್ದರು. ಕೋಬ್ರಾ ಅಂತ ಹೆಸರು. ಹಾವಲ್ಲ, ಇಂಗ್ಲಿಷಿನ ಕಾಪರ್ ಬ್ರೇಜ್ಡ್, ಅಂದರೆ ತಾಮ್ರದ ಬೆಸುಗೆ, ಅನ್ನೋದರ ಚಿಕ್ಕ ರೂಪ. ಎರಕ ಹೊಯ್ದಿದ್ದೇ ಅಲ್ಲ ಅದು. ಉಕ್ಕಿನ ತಗಡನ್ನು ಒತ್ತಿ, ಜೋಡಿಸಿ, ಸಂದಿಗೆ ತಾಮ್ರ ಇಟ್ಟು ಕುಲುಮೆಗೆ ಹಾಕೋದು. ತಾಮ್ರ ಕರಗಿ ಸಂದಿಗೆಲ್ಲ ಇಳಿದು ಕೂರುತ್ತೆ. ನಾಲ್ಕು ಸಿಲಿಂಡರು, ಮೇಲೆ ವಾಲ್ವ್ ತೆರೆದು ಮುಚ್ಚೋ ಕ್ಯಾಮ್‌ಶಾಫ್ಟು, ಬರೀ 724 ಸಿಸಿ, 26.5 ಕುದುರೆ ಬಲ. ಅಪ್ಪನ ಮಾರುತಿ 800ರದ್ದೇ 796 ಸಿಸಿ ಇತ್ತು! ಬ್ಲಾಕನ್ನು ಒಬ್ಬನೇ ಎತ್ತಿ ನೋಡಿದೆ. ಬದಿಯಲ್ಲಿ ತುಕ್ಕು ತಿಂದು ಸೂಜಿ ತೂರುವಷ್ಟು ಎರಡು ತೂತು.

ಹೌದು, ತೂತು ಬೀಳ್ತಿತ್ತು. ತಾಮ್ರ, ಉಕ್ಕು, ನೀರು ಮೂರೂ ಸೇರಿದರೆ ಉಕ್ಕನ್ನು ತಿಂದು ಹಾಕುತ್ತೆ. 1949ರಲ್ಲಿ ಎರಕದ ಬ್ಲಾಕಿಗೆ ಬದಲಾಯಿಸಿದರು. ಅದೇ ವರ್ಷ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು. ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪಿಗೆ ಅದೂ ಕಚ್ಚಿಕೊಂಡಿತು, ಮತ್ತೆ ಹಳೇ ಡ್ರಮ್ ಬ್ರೇಕಿಗೆ ವಾಪಸ್. 1952ಕ್ಕೆ ಕಾರು ಮಾಡೋದೇ ಬಂದ್. "ನೋಡಿದ್ಯಾ, ಫೇಲ್ ಗಾಡಿ" ಅಂದ ನಮ್ಮವನು. ಅಯ್ಯೋ, ಮೊದಲು ಬೆಂಕಿಗೆ ಕೈ ಇಟ್ಟವನ ಕೈ ಸುಡದೆ ಇರುತ್ತಾ? ಇವತ್ತು ನಿನ್ನ ಕಾರಿನಲ್ಲಿ ಡಿಸ್ಕ್ ಬ್ರೇಕ್ ಇದೆ ಅಲ್ವಾ, ಅದಕ್ಕೂ ನಗು!

1950ರ ಡಿಸೆಂಬರ್ 31ರಂದು ಫ್ಲೋರಿಡಾದ ಸೆಬ್ರಿಂಗ್‌ನಲ್ಲಿ ಆರು ತಾಸು ಓಡಿಸೋ ರೇಸ್ ಗೆದ್ದಿದ್ದು ಇದೇ ಹಾಟ್ ಶಾಟ್. ಎಂಜಿನ್ ಗಾತ್ರ ನೋಡಿ ಲೆಕ್ಕ ಹಾಕಿದ ಗೆಲುವು, ದೂರದಲ್ಲಿ ಬೇರೆ ಗಾಡಿ ಮುಂದಿತ್ತು, ಒಪ್ಪಿದೆ. ಆ ಲೆಕ್ಕ ಎಲ್ಲರಿಗೂ ಒಂದೇ ಇತ್ತಲ್ಲ?

ಇನ್ನೂ ತಮಾಷೆ ಅಂದರೆ, ಕೀಲಿ ಕೇಳಿದವನ ಮನೆ ಮುಂದೆ ನಿಂತಿರೋದು ಜೀಪ್. 1940ರಲ್ಲಿ ಮೊದಲ ಜೀಪ್ ಮಾಡಿ ಸೈನ್ಯಕ್ಕೆ ಕೊಟ್ಟಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್. ಇಂಥದ್ದೇ ಪುಟಾಣಿ ಕಾರು ಮಾಡಿ ಕೈ ಸುಟ್ಟುಕೊಂಡಿದ್ದ ಕಂಪನಿ. 49 ದಿನದಲ್ಲಿ ಮಾಡಿ ಮುಗಿಸಿದರು. ದೊಡ್ಡ ಆರ್ಡರೆಲ್ಲ ಹೋಗಿದ್ದು ವಿಲ್ಲಿಸ್‌ಗೆ, ಫೋರ್ಡ್‌ಗೆ. ಪಾರ್ಕಿಂಗಲ್ಲಿ ಇದನ್ನೆಲ್ಲ ಹೇಳೋಕೆ ಹೋದೆ. ಅವನು ಫೋನ್ ನೋಡ್ತಿದ್ದ.

ನಾನೇನು ಸಾಚಾ ಅಲ್ಲ. ಹಾಲು ತರೋಕೂ ಏಳು ಸೀಟಿನ ಗಾಡಿಯಲ್ಲಿ ಒಬ್ಬನೇ ಹೋಗ್ತೀನಿ. ಹೆಂಡತಿ ದಿನಾ ಅದನ್ನೇ ಆಡ್ಕೊಂಡು ನಗ್ತಾಳೆ.

ಹೊರಡೋ ಮೊದಲು ಅಜ್ಜ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರು. ಹೊಲಿಗೆ ಮಿಷನ್ ಥರ ಸದ್ದು. ಬೇಕಾದರೆ ಕೂತು ನೋಡಿ ಅಂದರು. ನಾನು ಬಾಯಿ ಬಿಡೋ ಮೊದಲೇ ನಮ್ಮ ಕೀಲಿರಾಯ ಕಾಲೆತ್ತಿ ಒಳಗೆ ಇಳಿದಾಗಿತ್ತು. ಸ್ಟೀರಿಂಗ್ ಹಿಡ್ಕೊಂಡು, "ಮಗಾ, ಒಂದು ಫೋಟೋ ತೆಗಿಯೋ" ಅಂದ.

ಚಾರ್ಜ್ ಇಲ್ಲ ಅಂದೆ. 80 ಪರ್ಸೆಂಟ್ ಇತ್ತು.